ನೀರಿಲ್ಲದಿದ್ದರೂ ಕೆರೆ, ಗಿಣ್ಣದ ಹಾಲು ಹಾಲಲ್ಲ: ಪದಗಳಿಗೆ ಗಡಿ ಹಾಕುವ ಬಗೆಗಳು

ಬೇಸಿಗೆಯಲ್ಲಿ ಕೋಲಾರದಿಂದ ಶ್ರೀನಿವಾಸಪುರದ ಕಡೆಗೋ ಮುಳಬಾಗಿಲಿನ ಕಡೆಗೋ ಹೊರಟರೆ ದಾರಿಯಲ್ಲಿ ದೊಡ್ಡ ದೊಡ್ಡ ಬಯಲುಗಳು ಸಿಗುತ್ತವೆ. ಒಂದು ಬದಿಗೆ ಉದ್ದನೆಯ ಮಣ್ಣಿನ ಏರಿ. ನಡುವೆ ಜಾಲಿ ಗಿಡ, ಮೇಯುವ ಕುರಿ, ಕ್ರಿಕೆಟ್ ಆಡುವ ಹುಡುಗರು. ಇದೇನು ಅಂತ ಯಾರನ್ನಾದರೂ ಕೇಳಿ. 'ಕೆರೆ' ಅನ್ನುತ್ತಾರೆ. ಹೊರಗಿನಿಂದ ಬಂದವರಿಗೆ ಇದು ತಮಾಷೆ ಅನಿಸಬಹುದು. ಒಂದು ಬೊಗಸೆ ನೀರಿಲ್ಲದ ಜಾಗ ಕೆರೆ ಹೇಗಾಗುತ್ತದೆ?

ಕಾನೂನು ಮಾತ್ರ ಊರಿನವರ ಪರವಾಗಿದೆ. ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಅಂತ 2014ರದ್ದು ಒಂದಿದೆ. ಅದರಲ್ಲಿ ಕೆರೆ ಎಂದರೇನು ಅಂತ ಬರೆದಿದ್ದಾರೆ. ಸಾರ ಇಷ್ಟು: ನೀರಿರಲಿ, ಇಲ್ಲದಿರಲಿ, ಕಂದಾಯ ದಾಖಲೆಯಲ್ಲಿ ಸರ್ಕಾರಿ ಕೆರೆ, ಖರಾಬು ಕೆರೆ, ಕುಂಟೆ, ಕಟ್ಟೆ ಅಥವಾ ಬೇರೆ ಯಾವ ಹೆಸರಿನಲ್ಲಿ ನಮೂದಾಗಿದ್ದರೂ ಅದು ಕೆರೆ. ಅದಕ್ಕೆ ನೀರು ತರುವ ಸುತ್ತಲಿನ ಜಾಗ, ರಾಜಕಾಲುವೆ, ಏರಿ, ತೂಬು, ಕೋಡಿ ಎಲ್ಲವೂ ಆ ಪದದ ಒಳಗೇ ಬರುತ್ತವೆ.

'ನೀರಿರಲಿ, ಇಲ್ಲದಿರಲಿ' ಅನ್ನುವ ಮಾತನ್ನು ಸುಮ್ನೆ ಸೇರಿಸಿಲ್ಲ. ಆ ಮಾತು ಇರದಿದ್ದರೆ ಏನಾಗುತ್ತಿತ್ತು, ಯೋಚಿಸಿ. ನಮ್ಮ ಕಡೆ ಸತತ ಎರಡು ಮೂರು ವರ್ಷ ಮಳೆ ಕೈಕೊಡುವುದು ಹೊಸದಲ್ಲ. ಕೆರೆ ಒಣಗಿದ ತಕ್ಷಣ 'ಇದು ಈಗ ಕೆರೆಯಲ್ಲ, ಖಾಲಿ ಜಾಗ' ಅನ್ನುವವರು ಹುಟ್ಟಿಕೊಳ್ಳುತ್ತಿದ್ದರು. ಆಮೇಲೆ ಸೈಟು, ಲೇಔಟು. ರಾಜಕಾಲುವೆಯನ್ನು ಬಿಟ್ಟಿದ್ದರೂ ಅಷ್ಟೆ. ಕಾಲುವೆ ಮುಚ್ಚಿ ಮನೆ ಕಟ್ಟಿದವರು 'ನಾನು ಕೆರೆಯನ್ನು ಮುಟ್ಟಿಯೇ ಇಲ್ಲ' ಅಂತ ಕೋರ್ಟಿನಲ್ಲಿ ನಿಲ್ಲಬಹುದಿತ್ತು. ಹೀಗೆ ಯಾರು ಯಾವ ಸಂದಿಯಲ್ಲಿ ನುಸುಳಬಹುದು ಅಂತ ಮೊದಲೇ ಲೆಕ್ಕ ಹಾಕಿ ಈ ವಾಕ್ಯವನ್ನು ಕಟ್ಟಿದ್ದಾರೆ.

ವ್ಯಾಖ್ಯೆ ಅಂದರೆ ಹೊಲಕ್ಕೆ ಹಾಕುವ ಬದುವಿನ ಹಾಗೆ. ಒಂದು ಪದದೊಳಗೆ ಯಾವುದೆಲ್ಲ ಬರುತ್ತದೆ, ಯಾವುದು ಹೊರಗೆ ಉಳಿಯುತ್ತದೆ ಅಂತ ಅದು ತೋರಿಸುತ್ತದೆ. ಬದು ಮಣ್ಣಿನಲ್ಲಿ ತಾನಾಗಿ ಹುಟ್ಟುವುದಿಲ್ಲ. ಯಾರೋ, ಯಾವುದೋ ಕಾರಣಕ್ಕೆ ಹಾಕಿರುತ್ತಾರೆ. ಹಾಗಾಗಿ 'ಈ ಪದದ ನಿಜವಾದ ಅರ್ಥ ಏನು' ಅಂತ ತಲೆ ಕೆಡಿಸಿಕೊಳ್ಳುವ ಮೊದಲು 'ಈ ವ್ಯಾಖ್ಯೆಯನ್ನು ಯಾರು, ಯಾವ ಕೆಲಸಕ್ಕೆ ಬರೆದರು' ಅಂತ ಕೇಳುವುದು ಒಳ್ಳೆಯದು. ನಿಘಂಟು ಬರೆಯುವವರ ಕೆಲಸ ಬೇರೆ, ಕಾನೂನು ಬರೆಯುವವರದ್ದು ಬೇರೆ, ವಿಜ್ಞಾನಿಯದ್ದು ಬೇರೆ. ಭಾಷಣ ಮಾಡುವವರ ಕೆಲಸ ಇನ್ನೂ ಬೇರೆ. ಅವರ ವಿಷಯಕ್ಕೆ ಆಮೇಲೆ ಬರೋಣ.

ಬೆರಳು ತೋರಿಸಿ ಹೇಳುವುದು

ಪದಗಳನ್ನು ನಾವು ಮೊದಲು ಕಲಿಯುವುದು ತೋರಿಸಿಕೊಂಡು. ಅಜ್ಜಿ ಕೆರೆ ಏರಿಯ ಮೇಲೆ ನಿಂತು 'ನೋಡು, ಅದು ತೂಬು' ಅನ್ನುತ್ತಾಳೆ. ಮಗು ಕಲಿಯುತ್ತದೆ. ಇದೂ ವ್ಯಾಖ್ಯೆಯೇ. ಬಣ್ಣ, ರುಚಿ, ವಾಸನೆಗಳಿಗೆ ಇದನ್ನು ಬಿಟ್ಟರೆ ಬೇರೆ ದಾರಿಯೂ ಇಲ್ಲ. ಒಗರು ಅಂದರೆ ಏನು ಅಂತ ಪುಟಗಟ್ಟಲೆ ಬರೆಯಬಹುದು. ಒಂದು ನೇರಳೆ ಹಣ್ಣು ಬಾಯಿಗೆ ಹಾಕಿಕೊಂಡರೆ ಆಗುವಷ್ಟು ಕೆಲಸ ಆ ಪುಟಗಳಿಂದ ಆಗುವುದಿಲ್ಲ.

ಆದರೆ ಬೆರಳಿಗೆ ಒಂದು ದೌರ್ಬಲ್ಯ ಇದೆ. ಅಜ್ಜಿ ತೋರಿಸಿದ್ದು ಯಾವುದನ್ನು? ಆ ಕಲ್ಲಿನ ಕಂಬಗಳನ್ನೋ, ಕೆಳಗಿನ ಕಿಂಡಿಯನ್ನೋ, ಅದರಿಂದ ಹರಿಯುವ ನೀರನ್ನೋ? ಬೆರಳಿಗೆ ಅದನ್ನು ಹೇಳಲು ಬರುವುದಿಲ್ಲ. ಮಗು ಇನ್ನೂ ನಾಲ್ಕು ಕೆರೆಯ ತೂಬು ನೋಡಿ, ಎರಡು ಸಲ ತಪ್ಪು ಹೇಳಿ, ಬೈಸಿಕೊಂಡು ಸರಿಮಾಡಿಕೊಳ್ಳುತ್ತದೆ.

ಇದು ಮಕ್ಕಳಾಟ ಅಂದುಕೊಳ್ಳಬೇಡಿ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ ಹರಾಜಾಗುತ್ತದೆ. ಆ ಕಿಲೋಗ್ರಾಂ ಅಂದರೆ ಎಷ್ಟು? 1889ರಿಂದ 2019ರವರೆಗೆ ಇಡೀ ಪ್ರಪಂಚದ ಉತ್ತರ ಒಂದೇ: 'ಅಗೋ, ಅಷ್ಟು.' ಪ್ಯಾರಿಸ್ ಪಕ್ಕದಲ್ಲಿ ಗಾಜಿನ ಗಂಟೆಗಳ ಒಳಗೆ ಒಂದು ಪ್ಲಾಟಿನಂ-ಇರಿಡಿಯಂ ಉರುಳೆ ಇಟ್ಟಿದ್ದರು. ಅದರ ತೂಕವೇ ಕಿಲೋಗ್ರಾಂ. ಅದರ ನಕಲುಗಳನ್ನು ಅದರ ಜೊತೆ ತೂಗಿ ನೋಡಿದಾಗ ವರ್ಷಗಳ ನಂತರ ಚೂರು ವ್ಯತ್ಯಾಸ ಕಂಡಿತು. ಬೂದಿ ಕಣದಷ್ಟು ಸಣ್ಣ ವ್ಯತ್ಯಾಸ. ನಕಲುಗಳು ಬದಲಾದವೋ, ಮೂಲವೇ ಬದಲಾಯಿತೋ? ಇಲ್ಲೇ ಪೇಚು. ವ್ಯಾಖ್ಯೆಯ ಪ್ರಕಾರ ಆ ಉರುಳೆ ತಪ್ಪಾಗಲು ಸಾಧ್ಯವೇ ಇಲ್ಲ! ಅದು ಸವೆದರೆ ಜಗತ್ತೆಲ್ಲ ಭಾರವಾಯಿತು ಅನ್ನಬೇಕು. ಕೊನೆಗೆ 2019ರ ಮೇ 20ರಿಂದ ಉರುಳೆಯನ್ನು ಕೈಬಿಟ್ಟು, ಪ್ಲಾಂಕ್ ಸ್ಥಿರಾಂಕ ಅನ್ನುವ ಪ್ರಕೃತಿಯ ಒಂದು ಬದಲಾಗದ ಸಂಖ್ಯೆಗೆ ಕಿಲೋಗ್ರಾಮನ್ನು ಕಟ್ಟಿದರು. ಟೊಮೆಟೊ ಬಾಕ್ಸಿನ ತೂಕ ಇದರಿಂದ ಬದಲಾಗಲಿಲ್ಲ ಬಿಡಿ.

ಹಸುವಿಗೆ ಲಕ್ಷಣ ಹೇಳುವುದು

ತೋರಿಸಲು ಆಗದಿದ್ದಾಗ ಮಾತಿನಲ್ಲೇ ಹೇಳಬೇಕು. ಇದನ್ನು ಚೆನ್ನಾಗಿ ಹೇಗೆ ಮಾಡುವುದು ಅಂತ ನಮ್ಮ ನ್ಯಾಯ ದರ್ಶನದವರು, ಅಂದರೆ ಹಳೆಯ ತರ್ಕಶಾಸ್ತ್ರದವರು, ಬಹಳ ಯೋಚಿಸಿದ್ದಾರೆ. ಅವರು ವ್ಯಾಖ್ಯೆಯನ್ನು ಲಕ್ಷಣ ಅನ್ನುತ್ತಾರೆ. ಒಂದು ವಸ್ತುವಿನಲ್ಲಿ ಮಾತ್ರ ಇದ್ದು ಬೇರೆಲ್ಲೂ ಇಲ್ಲದ ಗುಣವನ್ನು ಹೇಳುವುದು ಲಕ್ಷಣ. ತರ್ಕ ಕಲಿಯುವವರು ಮೊದಲು ಓದುವ ಅನ್ನಂಭಟ್ಟನ ತರ್ಕಸಂಗ್ರಹದ ಪಾಠದಲ್ಲಿ ಇದಕ್ಕೆ ಹಸುವಿನ ಉದಾಹರಣೆ ಕೊಡುತ್ತಾರೆ. ಡೇರಿಗೆ ಹಾಲು ಹಾಕುವ ನಮ್ಮ ಜಿಲ್ಲೆಗಳಿಗೆ ಹೇಳಿ ಮಾಡಿಸಿದ ಉದಾಹರಣೆ.

ಹಸು ಅಂದರೆ ಕಂದು ಬಣ್ಣದ ಪ್ರಾಣಿ ಅನ್ನಿ. ಆಗ ಬಿಳಿ ಹಸು, ಕಪ್ಪು ಹಸು ಹೊರಗುಳಿಯುತ್ತವೆ. ಒಳಗೆ ಬರಬೇಕಾದದ್ದು ಬರಲಿಲ್ಲ. ಇದು ಅವ್ಯಾಪ್ತಿ ದೋಷ. ಸರಿ, ಕೊಂಬಿರುವ ಪ್ರಾಣಿ ಅನ್ನಿ. ಎಮ್ಮೆ, ಮೇಕೆ, ಜಿಂಕೆ ಎಲ್ಲ ಒಳಗೆ ನುಗ್ಗುತ್ತವೆ. ಬರಬಾರದ್ದು ಬಂತು. ಇದು ಅತಿವ್ಯಾಪ್ತಿ. ಒಂಟಿ ಗೊರಸಿನ ಪ್ರಾಣಿ ಅಂದರೆ? ಒಂದು ಹಸುವೂ ಸಿಗುವುದಿಲ್ಲ. ಎಲ್ಲಾ ಹಸುಗಳದ್ದೂ ಸೀಳು ಗೊರಸು. ಇದು ಅಸಂಭವ. ಈ ಮೂರು ದೋಷವೂ ಇಲ್ಲದ ಲಕ್ಷಣ ಅಂತ ಅವರು ಒಪ್ಪಿದ್ದು ಗಂಗೆದೊಗಲನ್ನು. ಕುತ್ತಿಗೆಯ ಕೆಳಗೆ ಜೋಲುವ ಆ ಚರ್ಮ ಇದ್ದರೆ ಹಸು.

ನಾಟಿ ಹಸುವಿಗೆ ಈ ಮಾತು ಬಹಳ ಚೆನ್ನಾಗಿ ಒಪ್ಪುತ್ತದೆ. ಈಗ ನಮ್ಮ ಕೊಟ್ಟಿಗೆಗಳಲ್ಲಿ ಇರುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನುವ ವಿದೇಶಿ ತಳಿ) ಹಸುಗಳ ಗಂಗೆದೊಗಲು ಅಷ್ಟೊಂದು ಜೋಲುವುದಿಲ್ಲ. ಅನ್ನಂಭಟ್ಟ ಇವುಗಳನ್ನು ನೋಡಿದ್ದರೆ ಏನನ್ನುತ್ತಿದ್ದನೋ! ಲಕ್ಷಣ ಬರೆಯುವವನು ತಾನು ಕಂಡ ಜಗತ್ತಿಗೆ ಬರೆಯುತ್ತಾನೆ. ಜಗತ್ತಿಗೆ ಹೊಸ ಹಸು ಬಂದರೆ ಮತ್ತೆ ಪರೀಕ್ಷೆ ಶುರು.

ಇದೇ ಪರೀಕ್ಷೆಯನ್ನು ಕೆರೆಗೆ ಮಾಡಿ ನೋಡಿ. 'ನೀರು ತುಂಬಿರುವ ಜಾಗ' ಅಂದರೆ ಒಣಗಿದ ಕೆರೆ ಹೊರಗೆ, ನೀರು ನಿಂತ ಕಲ್ಲು ಕ್ವಾರಿ ಒಳಗೆ. ಒಂದೇ ವಾಕ್ಯಕ್ಕೆ ಎರಡು ದೋಷ. 'ಮಳೆ ನೀರು ಹಿಡಿಯಲು ಇಳಿಜಾರಿಗೆ ಅಡ್ಡ ಏರಿ ಕಟ್ಟಿ ಮಾಡಿದ ಜಾಗ' ಅಂದರೆ ಹೆಚ್ಚು ಕಡಿಮೆ ಸರಿಹೋಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕೆರೆಗಳು ಮನುಷ್ಯರು ಕಟ್ಟಿದವು ತಾನೇ. ಒಂದರ ಕೋಡಿ ಬಿದ್ದ ನೀರು ಕೆಳಗಿನ ಇನ್ನೊಂದಕ್ಕೆ ಹೋಗುವ ಹಾಗೆ ಸಾಲಾಗಿ ಕಟ್ಟಿದ್ದಾರೆ. ಆದರೆ ಈ ವಾಕ್ಯವನ್ನು ಕಾಶ್ಮೀರಕ್ಕೆ ತೆಗೆದುಕೊಂಡು ಹೋದರೆ ಅಲ್ಲಿಯ ನೈಸರ್ಗಿಕ ಸರೋವರಗಳ ಮುಂದೆ ನಡೆಯುವುದಿಲ್ಲ.

ಗ್ರೀಕರದ್ದೂ ಇಂಥದ್ದೇ ದಾರಿ. ಅರಿಸ್ಟಾಟಲ್ ಪದ್ಧತಿಯಲ್ಲಿ ಮೊದಲು ವಸ್ತು ಯಾವ ಗುಂಪಿಗೆ ಸೇರಿದ್ದು ಅಂತ ಹೇಳಬೇಕು, ಆಮೇಲೆ ಆ ಗುಂಪಿನ ಉಳಿದವುಗಳಿಂದ ಹೇಗೆ ಬೇರೆ ಅಂತ. ಪ್ಲೇಟೋ ಮನುಷ್ಯನನ್ನು 'ಗರಿ ಇಲ್ಲದ, ಎರಡು ಕಾಲಿನ ಪ್ರಾಣಿ' ಅಂದನಂತೆ. ಡಯೋಜನೀಸ್ ಅನ್ನುವ ಇನ್ನೊಬ್ಬ ತತ್ವಜ್ಞಾನಿ ಒಂದು ಕೋಳಿಯ ಪುಕ್ಕ ಕಿತ್ತು ತಂದು 'ಇಗೋ ಪ್ಲೇಟೋ ಹೇಳಿದ ಮನುಷ್ಯ' ಅಂತ ನಿಲ್ಲಿಸಿದನಂತೆ. ಅತಿವ್ಯಾಪ್ತಿಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ಪಾಠ ಮಾಡಿಲ್ಲ.

ನಿಘಂಟಿನ ಕೆಲಸ

ತುಂಬಾ ಜನ ನಿಘಂಟನ್ನು ತೀರ್ಪು ಕೊಡುವ ಕೋರ್ಟು ಅಂದುಕೊಂಡಿದ್ದಾರೆ. ಅಲ್ಲಿ ಹೀಗಿದೆ, ಆದ್ದರಿಂದ ನೀನು ಹೇಳಿದ್ದು ತಪ್ಪು ಅಂತ ವಾದ ಮುಗಿಸುತ್ತಾರೆ. ನಿಘಂಟು ಮಾಡುವುದು ವರದಿ. ಜನ ಒಂದು ಪದವನ್ನು ಯಾವ ಯಾವ ಅರ್ಥದಲ್ಲಿ ಬಳಸಿದ್ದಾರೆ ಅಂತ ನೋಡಿ, ಬರೆದಿಡುತ್ತದೆ. ಕಿಟೆಲ್ 1894ರಲ್ಲಿ ಹೊರತಂದ ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದ್ದೂ ಅದನ್ನೇ. ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿನಲ್ಲಿ ಶಾಸನದಿಂದ, ಕಾವ್ಯದಿಂದ ಪ್ರಯೋಗಗಳನ್ನು ಎತ್ತಿ ಕೊಟ್ಟಿರುವುದೂ ಅದಕ್ಕೇ. ಇಂಥ ವ್ಯಾಖ್ಯೆಯನ್ನು ಸರಿಯೋ ತಪ್ಪೋ ಅಂತ ಪರೀಕ್ಷಿಸಬಹುದು. ಜನ ಹಾಗೆ ಬಳಸುತ್ತಾರೋ ಇಲ್ಲವೋ ನೋಡಿದರಾಯಿತು.

ಹಾಗಾಗಿ ಒಂದು ಪದಕ್ಕೆ ಮೂರು ನಾಲ್ಕು ಅರ್ಥ ಇರುವುದು ದೋಷ ಅಲ್ಲ. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರು 'ಹುಳು ಎರಡನೇ ಜ್ವರಕ್ಕೆ ಕೂತಿದೆ' ಅಂದರೆ ಯಾರೂ ಡಾಕ್ಟರನ್ನು ಕರೆಯುವುದಿಲ್ಲ. ಹುಳು ಸೊಪ್ಪು ತಿನ್ನುವುದು ನಿಲ್ಲಿಸಿ ಪೊರೆ ಬಿಡುವ ಹೊತ್ತನ್ನು ಅಲ್ಲಿ ಜ್ವರ ಅನ್ನುತ್ತಾರೆ. ಹೀಗೆ ನಾಲ್ಕು ಜ್ವರ ದಾಟಿ, ಹಣ್ಣಾಗಿ, ಚಂದ್ರಿಕೆ ಅನ್ನುವ ಬಿದಿರಿನ ತಟ್ಟೆಗೆ ಹೋಗಿ ಹುಳು ಗೂಡು ಕಟ್ಟುತ್ತದೆ. ಇಲ್ಲಿ ಜ್ವರ ಕಾಯಿಲೆಯೇ ಅಲ್ಲ. ಆರೋಗ್ಯವಾದ ಹುಳುವಿಗೇ ಬರಬೇಕಾದದ್ದು.

ನಿಘಂಟಿನ ಹಳೆಯ ರೋಗ ಒಂದಿದೆ, ಸುತ್ತು. ಕೊಳ ಅಂದರೆ ಸರೋವರ ಅಂತ ಇರುತ್ತದೆ. ಸರೋವರ ತೆಗೆದು ನೋಡಿದರೆ ಕೊಳ. ಎರಡೂ ಗೊತ್ತಿಲ್ಲದವನು ಅಲ್ಲೇ ಗಿರಕಿ ಹೊಡೆಯಬೇಕು. ನಿಜ ಹೇಳಬೇಕೆಂದರೆ ಈ ಸುತ್ತಿನಿಂದ ಯಾವ ನಿಘಂಟಿಗೂ ಪೂರ್ತಿ ಬಿಡುಗಡೆ ಇಲ್ಲ. ಪದಗಳನ್ನು ಪದಗಳಿಂದಲೇ ವಿವರಿಸಬೇಕು. ಎಲ್ಲೋ ಒಂದು ಕಡೆ ಓದುವವನು ಅಜ್ಜಿಯ ಬೆರಳಿನಿಂದ ಕಲಿತ ಪದಗಳು ಕೈಹಿಡಿಯಬೇಕು.

ಕಾನೂನು ಬರೆಯುವ ವ್ಯಾಖ್ಯೆ

ಕಾನೂನಿನ ದಾರಿ ಇದಕ್ಕೆ ತದ್ವಿರುದ್ಧ. ಜನ ಏನನ್ನುತ್ತಾರೆ ಅಂತ ಅದು ವರದಿ ಮಾಡುವುದಿಲ್ಲ. 'ಈ ಕಾಯ್ದೆಯ ಮಟ್ಟಿಗೆ ಈ ಪದಕ್ಕೆ ಇಷ್ಟೇ ಅರ್ಥ' ಅಂತ ಗೊತ್ತುಪಡಿಸುತ್ತದೆ. ಇದನ್ನು ಸುಳ್ಳು ಅನ್ನಲು ಬರುವುದಿಲ್ಲ. ಉಪಯೋಗವಿದೆಯೋ ಇಲ್ಲವೋ, ನ್ಯಾಯವೋ ಅನ್ಯಾಯವೋ ಅಂತ ಮಾತ್ರ ಕೇಳಬಹುದು.

ಗಿಣ್ಣದ ಹಾಲನ್ನೇ ತೆಗೆದುಕೊಳ್ಳಿ. ಹಸು ಕರು ಹಾಕಿದ ಮೊದಲ ದಿನಗಳ ದಪ್ಪ ಹಳದಿ ಹಾಲು. ಹೆಸರಿನಲ್ಲೇ ಹಾಲು ಇದೆ. ಅಕ್ಕಪಕ್ಕದ ಮನೆಗೆಲ್ಲ ಹಂಚುತ್ತೇವೆ, ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಮಾಡುತ್ತೇವೆ. ಆದರೆ ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮದಲ್ಲಿ ಹಾಲು ಅಂದರೆ ಆರೋಗ್ಯವಂತ ಹಸುವನ್ನೋ ಎಮ್ಮೆಯನ್ನೋ ಪೂರ್ತಿ ಕರೆದಾಗ ಬರುವುದು, ಏನನ್ನೂ ಸೇರಿಸದ, ಏನನ್ನೂ ತೆಗೆಯದ, ಗಿಣ್ಣದ ಅಂಶ ಇಲ್ಲದ್ದು. ಅಂದರೆ ಗಿಣ್ಣದ ಹಾಲು ಕಾನೂನಿನ ಕಣ್ಣಿನಲ್ಲಿ ಹಾಲಲ್ಲ. ಇದು ಗಿಣ್ಣಿಗೆ ಅವಮಾನವೇನಲ್ಲ. ಡೇರಿಯಲ್ಲಿ ಅದು ಉಳಿದ ಹಾಲಿನ ಜೊತೆ ಬೆರೆತರೆ ಕಾಯಿಸುವಾಗ ಎಲ್ಲವೂ ಒಡೆಯುತ್ತದೆ. ಹಾಗಾಗಿ ಗಡಿಯ ಆಚೆ ಇಟ್ಟರು. 'ಪೂರ್ತಿ ಕರೆದಾಗ' ಅನ್ನುವುದಕ್ಕೂ ಕಾರಣ ಇದೆ. ಮೊದಲು ಬರುವ ಹಾಲಿನಲ್ಲಿ ಕೊಬ್ಬು ಕಡಿಮೆ, ಕೊನೆಗೆ ಬರುವುದರಲ್ಲಿ ಜಾಸ್ತಿ. ಡೇರಿಯಲ್ಲಿ ಫ್ಯಾಟು ನೋಡಿಸಿಕೊಂಡ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ಯಾಕೆಟ್ಟಿನ ಹಾಲಿನದ್ದು ಇನ್ನೊಂದು ಹಂತ. ಟೋನ್ಡ್ ಹಾಲು ಅಂದರೆ ಕನಿಷ್ಠ 3 ಪರ್ಸೆಂಟ್ ಕೊಬ್ಬು, 8.5 ಪರ್ಸೆಂಟ್ ಎಸ್‌ಎನ್‌ಎಫ್ (ಕೊಬ್ಬು, ನೀರು ಬಿಟ್ಟು ಉಳಿದ ಗಟ್ಟಿ ಅಂಶ). ಫುಲ್ ಕ್ರೀಮ್ ಅಂದರೆ 6 ಮತ್ತು 9. 'ಗಟ್ಟಿ ಹಾಲು' ಅನ್ನುವ ಅಂದಾಜಿನ ಮಾತನ್ನು ಇಲ್ಲಿ ಅಂಕಿಗೆ ಇಳಿಸಿದ್ದಾರೆ.

ಕಾನೂನಿನ ವ್ಯಾಖ್ಯೆ ಓದುವಾಗ ಎರಡು ಸಣ್ಣ ಮಾತುಗಳ ಮೇಲೆ ಕಣ್ಣಿಡಬೇಕು. 'ಎಂದರೆ' ಅಂತ ಬರೆದಿದ್ದರೆ ಸಾಮಾನ್ಯವಾಗಿ ಬಾಗಿಲು ಮುಚ್ಚಿತು. ಅಲ್ಲಿ ಹೇಳಿದ್ದು ಬಿಟ್ಟು ಬೇರೆ ಒಳಗೆ ಬರುವುದಿಲ್ಲ. 'ಒಳಗೊಳ್ಳುತ್ತದೆ' ಅಂತಿದ್ದರೆ ಪದದ ಮಾಮೂಲಿ ಅರ್ಥ ಹಾಗೇ ಇದ್ದು, ಅದರ ಜೊತೆಗೆ ಇವೂ ಸೇರಿದವು ಅಂತ. ಕೆರೆ ಕಾಯ್ದೆಯಲ್ಲಿ ಎರಡೂ ಇವೆ. ಮೊದಲು ಕೆರೆ ಎಂದರೆ ಇಂಥದ್ದು ಅಂದು, ಆಮೇಲೆ ರಾಜಕಾಲುವೆ, ತೂಬು ಎಲ್ಲವನ್ನೂ ಒಳಗೊಳ್ಳುತ್ತದೆ ಅಂದಿದ್ದಾರೆ. ಜಮೀನಿನ ಕೇಸುಗಳಲ್ಲಿ ವಕೀಲರು ಗಂಟೆಗಟ್ಟಲೆ ಜಗ್ಗಾಡುವುದು ಇಂಥ ಒಂದು ಪದಕ್ಕೇ.

ಕಾಯ್ದೆಯಲ್ಲಿ ವ್ಯಾಖ್ಯೆಯೇ ಇಲ್ಲದಿದ್ದರೆ? ಆಗ ಜನರ ಮಾತಿಗೇ ವಾಪಸ್ ಬರಬೇಕು. ಇದಕ್ಕೆ ಹೆಸರುವಾಸಿಯಾದ ಕೇಸು ಟೊಮೆಟೊದ್ದು. ಕೋಲಾರದವರು ಇದನ್ನು ಕೇಳಲೇಬೇಕು. ಅಮೆರಿಕದಲ್ಲಿ 1883ರ ಸುಂಕದ ಕಾನೂನಿನಲ್ಲಿ ಹೊರದೇಶದ ತರಕಾರಿಗೆ 10 ಪರ್ಸೆಂಟ್ ಸುಂಕ ಇತ್ತು, ಹಣ್ಣಿಗೆ ಇರಲಿಲ್ಲ. ನ್ಯೂಯಾರ್ಕಿನ ನಿಕ್ಸ್ ಅನ್ನುವ ವ್ಯಾಪಾರಿಗಳು ಟೊಮೆಟೊ ತರಿಸಿದರು. ಸಸ್ಯಶಾಸ್ತ್ರದ ಪ್ರಕಾರ ಇದು ಹಣ್ಣು, ಸುಂಕ ವಾಪಸ್ ಕೊಡಿ ಅಂತ ಬಂದರಿನ ಸುಂಕದ ಅಧಿಕಾರಿ ಹೆಡನ್ ಮೇಲೆ ಕೇಸು ಹಾಕಿದರು. ಕೋರ್ಟಿನಲ್ಲಿ ನಿಘಂಟುಗಳನ್ನು ತೆರೆದು ಓದಿದರು. 1893ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಏನೆಂದಿತು ಗೊತ್ತಾ? ಸಸ್ಯಶಾಸ್ತ್ರಕ್ಕೆ ಅದು ಹಣ್ಣೇ, ಸೌತೆಕಾಯಿ ಅವರೆಯೂ ಹಾಗೆಯೇ. ಆದರೆ ಮಾರುವವರ, ಕೊಳ್ಳುವವರ ಮಾತಿನಲ್ಲಿ ಇವು ತರಕಾರಿ. ಊಟದ ಜೊತೆ ಬಡಿಸುತ್ತಾರೆ, ಊಟ ಆದ ಮೇಲೆ ಹಣ್ಣಿನ ಹಾಗೆ ತಿನ್ನುವುದಿಲ್ಲ. ಸುಂಕದ ಕಾನೂನು ವ್ಯಾಪಾರದ ಮಾತಿನಲ್ಲಿ ಬರೆದದ್ದು, ಆದ್ದರಿಂದ ತರಕಾರಿ. ಸಸ್ಯಶಾಸ್ತ್ರದ ವ್ಯಾಖ್ಯೆ ಸೋಲಲಿಲ್ಲ. ಆ ಕೆಲಸಕ್ಕೆ ಅದು ಬೇಕಾಗಿರಲಿಲ್ಲ, ಅಷ್ಟೆ.

ನಮ್ಮಲ್ಲೂ ಇದಕ್ಕೆ ಜೋಡಿ ಇದೆ. ಕಾಡು ಅಂದರೆ ಯಾವುದು? 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಲ್ಲಿ ಆಗ ಅದಕ್ಕೆ ವ್ಯಾಖ್ಯೆ ಇರಲಿಲ್ಲ. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಗೋದಾವರ್ಮನ್ ಕೇಸಿನಲ್ಲಿ, ಅರಣ್ಯ ಅನ್ನುವ ಪದವನ್ನು ನಿಘಂಟಿನ ಅರ್ಥದಲ್ಲೇ ತೆಗೆದುಕೊಳ್ಳಬೇಕು ಅಂದಿತು. ಜಾಗ ಯಾರ ಹೆಸರಿನಲ್ಲಿದೆ ಅನ್ನುವುದು ಲೆಕ್ಕಕ್ಕಿಲ್ಲ. ಕಂದಾಯ ಜಮೀನಿನಲ್ಲಿ ಇದ್ದರೂ ಕಾಡು ಕಾಡೇ. ನಾವು ಕೇಳುವ 'ಡೀಮ್ಡ್ ಅರಣ್ಯ' (ದಾಖಲೆಯಲ್ಲಿ ಕಾಡು ಅಂತ ಇಲ್ಲದಿದ್ದರೂ ಕಾಡು ಅಂತಲೇ ಎಣಿಸುವ ಜಾಗ) ಅನ್ನುವ ಮಾತು, ಅದರ ಹಿಂದಿನ ಜಗಳಗಳು ಬೆಳೆದದ್ದು ಅಲ್ಲಿಂದ. 2023ರ ತಿದ್ದುಪಡಿ ಈ ಅರ್ಥವನ್ನು ಕಿರಿದು ಮಾಡಿತು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಸದ್ಯಕ್ಕೆ 1996ರ ಅರ್ಥವನ್ನೇ ಇಟ್ಟುಕೊಳ್ಳಿ ಅಂದಿತು. ಒಂದು ಪದದ ಹಿಂದೆ ಎಷ್ಟು ಲಕ್ಷ ಎಕರೆ ಓಡಾಡುತ್ತದೆ ನೋಡಿ.

ಗೆರೆ ಎಳೆಯುವುದು, ಅಳೆಯುವುದು

ಕೆಲವು ಪದಗಳು ನಮಗೆಲ್ಲ ಗೊತ್ತು. ಆದರೆ ಅಂಚಿನಲ್ಲಿ ಮಸುಕು. ಬರ ಅಂದರೆ ಪಾವಗಡದ, ಬಾಗೇಪಲ್ಲಿಯ ರೈತರಿಗೆ ಪಾಠ ಹೇಳಬೇಕಾ? ಆದರೂ ಪರಿಹಾರದ ದುಡ್ಡು ಕೊಡುವಾಗ ಈ ತಾಲ್ಲೂಕಿಗೆ ಹೌದು, ಆ ತಾಲ್ಲೂಕಿಗೆ ಇಲ್ಲ ಅಂತ ಎಲ್ಲೋ ಗೆರೆ ಎಳೆಯಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ವಾಡಿಕೆ ಮಳೆಗಿಂತ 26 ಪರ್ಸೆಂಟಿನಿಂದ 50 ಪರ್ಸೆಂಟಿನವರೆಗೆ ಕೊರತೆ ಇದ್ದರೆ ಸಾಧಾರಣ ಬರ, ಅದಕ್ಕೂ ಮೀರಿದರೆ ತೀವ್ರ ಬರ. ಮಳೆ ದಿನಕ್ಕೂ ಅಳತೆ ಇದೆ. ದಿನಕ್ಕೆ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಮಾತ್ರ ಅದು ಮಳೆ ದಿನ. 2.4 ಬಿದ್ದರೆ ನೀವು ನೆನೆದಿರಬಹುದು, ಲೆಕ್ಕಕ್ಕೆ ಸಿಗುವುದಿಲ್ಲ.

ಇಲ್ಲಿ ಗೆರೆ 2.5ಕ್ಕೇ ಯಾಕೆ, 3ಕ್ಕೆ ಯಾಕಲ್ಲ ಅಂತ ಕೇಳಿದರೆ ಪ್ರಕೃತಿಯಲ್ಲಿ ಉತ್ತರ ಇಲ್ಲ. ಎಲ್ಲಾದರೂ ಒಂದು ಕಡೆ ಎಳೆಯಬೇಕಿತ್ತು. ಆದರೆ ಯಾವುದನ್ನು ಅಳೆಯಬೇಕು ಅನ್ನುವುದರಲ್ಲಿ ನಿಜವಾದ ವಾದ ಇದೆ. ವರ್ಷದ ಒಟ್ಟು ಮಳೆ ಸರಿಯಾಗಿದ್ದು, ರಾಗಿ ತೆನೆ ಕಟ್ಟುವ ಹೊತ್ತಿನಲ್ಲಿ ಮೂರು ವಾರ ಹನಿ ಬೀಳದಿದ್ದರೆ ಒಟ್ಟು ಲೆಕ್ಕದಲ್ಲಿ ಬರ ಕಾಣುವುದಿಲ್ಲ, ಹೊಲದಲ್ಲಿ ಕಾಣುತ್ತದೆ. ಅದಕ್ಕೇ ಕೇಂದ್ರದ 2016ರ ಬರ ನಿರ್ವಹಣೆ ಕೈಪಿಡಿಯಲ್ಲಿ ಮಳೆ ಕೊರತೆಯ ಜೊತೆಗೆ ಮಳೆ ಇಲ್ಲದ ವಾರಗಳನ್ನೂ ನೋಡುತ್ತಾರೆ. ಬಿತ್ತನೆ, ಮಣ್ಣಿನ ತೇವ, ಹಸಿರು, ಜಲಾಶಯದ ಮಟ್ಟ ನೋಡುತ್ತಾರೆ. ಕೊನೆಗೆ ಹೊಲಕ್ಕೇ ಹೋಗಿ ಪರಿಶೀಲಿಸುತ್ತಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದ್ದು ಇಂಥ ಅಳತೆಗಳ ಮೇಲೆ.

ಅಳೆಯುವ ಕ್ರಮವನ್ನೇ ವ್ಯಾಖ್ಯೆ ಮಾಡುವುದೂ ಉಂಟು. ಗೂಡು ಚೆನ್ನಾಗಿದೆ ಅಂದರೆ ಏನು? ರೇಷ್ಮೆ ಗೂಡಿನಿಂದ ನೂಲು ತೆಗೆಯುವ ರೀಲರುಗಳು ರೆಂಡಿಟ್ಟ ಕೇಳುತ್ತಾರೆ. ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಎಷ್ಟು ಕಿಲೋ ಗೂಡು ಬೇಕು ಅನ್ನುವುದೇ ರೆಂಡಿಟ್ಟ. ಕಡಿಮೆ ಇದ್ದಷ್ಟೂ ಒಳ್ಳೆಯದು. ನೂಲು ಎಷ್ಟು ಸಣ್ಣ ಅನ್ನುವುದಕ್ಕೆ ಡೆನಿಯರ್: 9000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ. ಇಲ್ಲಿ ಯಾರ ಅಭಿಪ್ರಾಯವೂ ಬೇಕಿಲ್ಲ. ಸುತ್ತು, ತೂಗು, ಹೇಳು.

ಚಿನ್ನಕ್ಕೆ ಬಂದರೆ ವಿಜ್ಞಾನದ ವ್ಯಾಖ್ಯೆ ಇದೆ. ಪರಮಾಣುವಿನೊಳಗೆ 79 ಪ್ರೋಟಾನು ಇದ್ದರೆ ಚಿನ್ನ, ಇಲ್ಲದಿದ್ದರೆ ಅಲ್ಲ. ಹಳದಿ, ಹೊಳಪು, ತುಕ್ಕು ಹಿಡಿಯದಿರುವುದು ಎಲ್ಲವೂ ಗುರುತುಗಳು ಮಾತ್ರ. ಇಂಥ ವ್ಯಾಖ್ಯೆಯ ಹಿಂದೆ ಒಂದು ಇಡೀ ಸಿದ್ಧಾಂತ ಇರುತ್ತದೆ. ಸಿದ್ಧಾಂತ ಬಿದ್ದರೆ ವ್ಯಾಖ್ಯೆಯೂ ಬೀಳುತ್ತದೆ. ಅಂಗಡಿಯ 22 ಕ್ಯಾರೆಟ್ ಚಿನ್ನದಲ್ಲಿ ಸಾವಿರಕ್ಕೆ 916 ಭಾಗ ಮಾತ್ರ ಈ ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ. ಆದರೂ ಅದನ್ನು ಚಿನ್ನ ಅಂತಲೇ ಕೊಳ್ಳುತ್ತೇವೆ, ಅಲ್ವಾ?

ಅದಕ್ಕಿಂತ ನನಗೆ ಜಾಸ್ತಿ ಕುತೂಹಲ ಹುಟ್ಟಿಸುವ ಪದ ಅದಿರು. ಅದಿರು ಅಂದರೆ ಲೋಹ ಇರುವ ಕಲ್ಲು ಅಂತ ಶಾಲೆಯಲ್ಲಿ ಹೇಳುತ್ತಾರೆ. ಗಣಿಯವರ ವ್ಯಾಖ್ಯೆ ಬೇರೆ: ಲಾಭ ಬರುವ ಹಾಗೆ ಲೋಹ ತೆಗೆಯಲು ಆಗುವ ಕಲ್ಲು. ಈ ಒಂದು 'ಲಾಭ' ಸೇರಿದ ತಕ್ಷಣ ಕಲ್ಲಿನ ವಿಷಯ ಮಾರುಕಟ್ಟೆಯ ವಿಷಯವಾಗುತ್ತದೆ. ಕೆಜಿಎಫ್‌ನ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಕೆಳಗೆ ಚಿನ್ನ ಒಂದು ಚೂರೂ ಉಳಿದಿರಲಿಲ್ಲ ಅಂತ ಅಲ್ಲ. ಮೂರು ಕಿಲೋಮೀಟರಿಗಿಂತ ಆಳದಿಂದ ತೆಗೆಯುವ ಖರ್ಚಿಗೆ ಸಿಗುವ ಚಿನ್ನ ಸಾಲುತ್ತಿರಲಿಲ್ಲ. ನಿನ್ನೆ ಅದಿರು ಆಗಿದ್ದ ಕಲ್ಲು ಹೀಗೆ ಬರೀ ಕಲ್ಲಾಯಿತು. ಊರಿನ ಸುತ್ತ ಸೈನೈಡ್ ದಿಬ್ಬಗಳಿವೆ, ಚಿನ್ನ ತೆಗೆದು ಬಿಸಾಡಿದ ಪುಡಿ. ಚಿನ್ನದ ಬೆಲೆ ಏರಿದಂತೆ ಅದರಲ್ಲಿ ಉಳಿದದ್ದನ್ನು ತೆಗೆಯುವ ಮಾತು ಮತ್ತೆ ಮತ್ತೆ ಬರುತ್ತದೆ. ಕಸ ಅದಿರಾಗುವುದೂ ಹೀಗೆಯೇ. ದಿಬ್ಬದಲ್ಲಿ ಒಂದು ಕಣವೂ ಬದಲಾಗಿರುವುದಿಲ್ಲ.

ಬದು ಹಾಕಲು ಬಾರದ ಪದಗಳು

ಎಲ್ಲ ಪದಕ್ಕೂ ಗಡಿ ಸಿಕ್ಕುತ್ತದೆ ಅಂತಲೂ ಅಲ್ಲ. ವಿಟ್ಗೆನ್‌ಸ್ಟೈನ್ ಅನ್ನುವ ತತ್ವಜ್ಞಾನಿ ಆಟ ಅನ್ನುವ ಪದವನ್ನು ಹಿಡಿದು ಇದನ್ನು ತೋರಿಸಿದ. ಅವನು ತೀರಿಕೊಂಡ ಮೇಲೆ, 1953ರಲ್ಲಿ ಆ ಬರಹ ಹೊರಬಂತು. ಎಲ್ಲಾ ಆಟಗಳಲ್ಲೂ ಇರುವ ಒಂದೇ ಒಂದು ಗುಣ ಹೇಳಿ ನೋಡೋಣ. ಸೋಲು ಗೆಲುವು? ಮಗು ಗೋಡೆಗೆ ಚೆಂಡು ಹೊಡೆಯುವಾಗ ಯಾರು ಸೋತರು? ಇಬ್ಬರು ಬೇಕು? ಒಬ್ಬರೇ ಇಸ್ಪೀಟು ಜೋಡಿಸಿಕೊಂಡು ಕೂರುತ್ತಾರೆ. ಮೈ ದಣಿಯಬೇಕು? ಚೌಕಾಬಾರ ಇದೆ. ನಮ್ಮ ಕನ್ನಡದಲ್ಲಂತೂ ಇದು ಇನ್ನೂ ಹಿಗ್ಗುತ್ತದೆ. ಬಯಲಾಟವೂ ಆಟ, ಟೆಂಟಿನ ಸಿನಿಮಾದ ಎರಡನೇ ಆಟವೂ ಆಟ. ಒಂದು ಮನೆತನದವರ ಹಾಗೆ ಇವುಗಳಲ್ಲಿ ಒಬ್ಬರಿಗೆ ಮೂಗು, ಇನ್ನೊಬ್ಬರಿಗೆ ನಡಿಗೆ ಹೋಲುತ್ತದೆ, ಎಲ್ಲರಿಗೂ ಸೇರಿ ಒಂದೇ ಗುರುತು ಇರುವುದಿಲ್ಲ ಅಂತ ಅವನು ಅಂದ. ಆಮೇಲೆ 1970ರ ದಶಕದಲ್ಲಿ ಎಲೀನರ್ ರೋಶ್ ಅನ್ನುವ ಮನೋವಿಜ್ಞಾನಿ, ನಾವು ಎಷ್ಟೋ ಪದಗಳನ್ನು ಒಳ್ಳೆಯ ಮಾದರಿಯಿಂದ ತಿಳಿಯುತ್ತೇವೆ ಅಂತ ಪ್ರಯೋಗಗಳಿಂದ ತೋರಿಸಿದರು. ಶ್ರೀನಿವಾಸಪುರದವರಿಗೆ ಹಣ್ಣು ಅಂದ ತಕ್ಷಣ ಮಾವು ಕಣ್ಣಿಗೆ ಬರುತ್ತದೆ. ಟೊಮೆಟೊ ಬರುವುದಿಲ್ಲ.

ಈಗ ಭಾಷಣದವರ ವಿಷಯ. 'ನಿಜವಾದ ಅಭಿವೃದ್ಧಿ ಅಂದರೆ', 'ನಿಜವಾದ ಕನ್ನಡಿಗ ಅಂದರೆ' ಅಂತ ಶುರುವಾಗುವ ವಾಕ್ಯ ಕೇಳಿದರೆ ಸ್ವಲ್ಪ ಎಚ್ಚರ ಇರಲಿ. ಇದನ್ನು ಮನವೊಲಿಸುವ ವ್ಯಾಖ್ಯೆ ಅಂತ ಗುರುತಿಸಿ ಹೆಸರಿಟ್ಟದ್ದು ಸ್ಟೀವನ್‌ಸನ್ ಅನ್ನುವ ತತ್ವಜ್ಞಾನಿ, 1938ರಲ್ಲಿ. ಪದದ ಮೇಲೆ ಜನರಿಗಿರುವ ಪ್ರೀತಿಯನ್ನೋ ಸಿಟ್ಟನ್ನೋ ಹಾಗೇ ಇಟ್ಟುಕೊಂಡು, ಒಳಗಿನ ಅರ್ಥವನ್ನು ಮೆಲ್ಲಗೆ ಬದಲಾಯಿಸುವ ಕೆಲಸ ಇದು. 'ನಿಜವಾದ' ಅನ್ನುವುದು ಅದರ ಗುರುತು. ಕಾನೂನಿನ ವ್ಯಾಖ್ಯೆ ತಾನು ಗೆರೆ ಎಳೆಯುತ್ತಿದ್ದೇನೆ ಅಂತ ಒಪ್ಪಿಕೊಳ್ಳುತ್ತದೆ. ಇದು ಗೆರೆ ಮೊದಲೇ ಇತ್ತು ಅಂತ ನಟಿಸುತ್ತದೆ.

ಕೆಲವೊಮ್ಮೆ ವ್ಯಾಖ್ಯೆಯೂ ಬೇಡ, ಪದ ಆರಿಸಿಕೊಂಡರೆ ಸಾಕು. ಬೆಂಗಳೂರಿನ ಬಚ್ಚಲು ನೀರನ್ನು ಸಂಸ್ಕರಣಾ ಘಟಕ ದಾಟಿಸಿ ಕಳಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಕೋಲಾರದ ಕೆರೆಗಳಿಗೆ ಬರತೊಡಗಿತು. ಅದನ್ನು ಕೆಲವರು 'ಸಂಸ್ಕರಿಸಿದ ನೀರು' ಅಂದರು, ಕೆಲವರು 'ಕೊಳಚೆ ನೀರು' ಅಂದರು. ಪೈಪಿನಲ್ಲಿ ಬಂದದ್ದು ಒಂದೇ. ಈ ಜಗಳದಲ್ಲಿ ಪ್ರಯೋಜನಕ್ಕೆ ಬಂದ ಪ್ರಶ್ನೆ ಬೇರೆ: ಎಷ್ಟು ಹಂತ ಸಂಸ್ಕರಿಸಿದ್ದು? ನೀರು ಎರಡು ಹಂತ ದಾಟಿ ಬರುತ್ತದೆ, ಮೂರನೇ ಹಂತವೂ ಆಗಬೇಕು ಅನ್ನುವುದು ಹೋರಾಟಗಾರರ ಬೇಡಿಕೆ. ಅಂದರೆ 'ಸಂಸ್ಕರಿಸಿದ' ಅನ್ನುವ ಪದಕ್ಕೆ ಗೆರೆ ಎಲ್ಲಿ ಎಳೆಯಬೇಕು ಅನ್ನುವ ವಾದ. ಅಲ್ಲಿಗೆ ಬಂದ ಮೇಲೆ ಬೈಗುಳ ಬಿಟ್ಟು ಅಳತೆಯ ಮಾತಾಡಬಹುದು. ಕುಡಿಯುವ ನೀರಿಗೆ ಅಂಥ ಅಳತೆ ಮೊದಲಿನಿಂದ ಇದೆ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಆಳದ ಬೋರ್‌ವೆಲ್ ನಂಬಿರುವ ನಮ್ಮ ತಾಲ್ಲೂಕುಗಳಲ್ಲಿ ಈ ಅಂಕಿಯ ಬೆಲೆ ಜನರ ಹಲ್ಲಿನಲ್ಲಿ, ಮೂಳೆಯಲ್ಲಿ ಕಾಣುತ್ತದೆ.

ಇನ್ನೊಂದೇ ಪದ, ರೈತ. ಭಾರತ ಸರ್ಕಾರದ 2007ರ ರಾಷ್ಟ್ರೀಯ ರೈತ ನೀತಿ ಇದನ್ನು ಬಹಳ ಅಗಲವಾಗಿ ಬರೆದಿದೆ. ಜಮೀನಿನ ಒಡೆಯರು, ಗೇಣಿಗೆ ಮಾಡುವವರು, ವಾರಕ್ಕೆ ಮಾಡುವವರು, ಕೂಲಿಯವರು, ದನ ಕುರಿ ಕೋಳಿ ಸಾಕುವವರು, ಮೀನು ಹಿಡಿಯುವವರು, ರೇಷ್ಮೆ ಸಾಕುವವರು ಎಲ್ಲರೂ ಅದರಲ್ಲಿ ರೈತರೇ. 2019ರಲ್ಲಿ ಶುರುವಾದ ಪಿಎಂ-ಕಿಸಾನ್ ಯೋಜನೆ ವರ್ಷಕ್ಕೆ 6000 ರೂಪಾಯಿ ಕೊಡುವುದು ಭೂಮಿ ತಮ್ಮ ಹೆಸರಿನಲ್ಲಿ ಇರುವ ರೈತ ಕುಟುಂಬಗಳಿಗೆ. ಕುಟುಂಬ ಅಂದರೆ ಗಂಡ, ಹೆಂಡತಿ, ಮೈನರ್ ಮಕ್ಕಳು ಅಂತ ಅಲ್ಲಿ ಇನ್ನೊಂದು ವ್ಯಾಖ್ಯೆ. ಎರಡಕ್ಕೂ ಕಾರಣ ಇದೆ. ನೀತಿಗೆ ಯಾರನ್ನೂ ಮರೆಯಬಾರದು. ದುಡ್ಡು ಹಾಕುವವರಿಗೆ ಕಂಪ್ಯೂಟರಿನಲ್ಲಿ ತಾಳೆ ನೋಡಲು ಒಂದು ಪಹಣಿ ಬೇಕು. ಶಿಡ್ಲಘಟ್ಟದ ಹತ್ತಿರ ಬೇರೆಯವರ ಹಿಪ್ಪುನೇರಳೆ ತೋಟ ಗುತ್ತಿಗೆಗೆ ಹಿಡಿದು, ಬಾಡಿಗೆ ಮನೆಯಲ್ಲಿ ಹುಳು ಸಾಕಿ, ನಾಲ್ಕನೇ ಜ್ವರ ಎದ್ದ ಹುಳುವಿಗೆ ನಡುರಾತ್ರಿ ಸೊಪ್ಪು ಹಾಕುವ ಹೆಣ್ಣುಮಗಳು ಮೊದಲನೆಯ ವ್ಯಾಖ್ಯೆಯಲ್ಲಿ ರೈತಳು. ಎರಡನೆಯದರಲ್ಲಿ ಅವಳಿಗೆ ಹೆಸರಿಲ್ಲ. ಅವಳ ಹೆಸರಿನ ಪಹಣಿ ಇಲ್ಲವಲ್ಲ.